ಹರಕೆಯಲ್ಲದ ಭಿಕ್ಷೆ

"ನನ್ನ ಕಾಯಿಲೆ ಇಸ್ಯ ಊರಲ್ಲಿ ಬಾಯ್ಬಿಡಬ್ಯಾಡ, ಮಕ್ಳಿಗೆ ಸಂಬಂಧ ಸಿಕ್ಕಕಿಲ್ಲ" ಎಂದು ಏಳು ವರ್ಷದ ಹಿಂದೆ ಮಹದೇವಪ್ರಸಾದ್ ತೊದಲುತ್ತಾ ಕೇಳಿಕೊಂಡಾಗ ಹೆಂಡತಿ ಉಷಾರಾಣಿ ಮಾತು ಕೊಟ್ಟಿದ್ದಳು. ನರ ಸೋತು ಕೈಕಾಲು, ನಾಲಿಗೆ ಒಂದೊಂದಾಗಿ ಕೈಕೊಡುವ ಮೋಟಾರ್ ನ್ಯೂರಾನ್ ಕಾಯಿಲೆ ಅದು. ಅವನು ತೀರಿಕೊಂಡು ಮೂರು ವರ್ಷವಾಗಿತ್ತು.

ಈಗ ಅದೇ ಕಾಯಿಲೆಯವರ ಆರೈಕೆಗೆ, ಸಂಶೋಧನೆಗೆ ಹಣ ಕೂಡಿಸುವ ಸಂಘವೊಂದಕ್ಕಾಗಿ ಅವಳು ರಾವಂದೂರಿನ ಬೀದಿಗಿಳಿದಿದ್ದಳು. ಸೋಮವಾರ ಬೆಳಿಗ್ಗೆ ಹೆಗಲಿಗೆ ಚೀಲ ಹಾಕಿಕೊಂಡು ಬಂದವಳನ್ನು ಕಂಡ ಜನ, ಮಾದಪ್ಪನ ಬೆಟ್ಟಕ್ಕೆ ಹೊರಡುವ ಮುಂಚೆ ಎತ್ತುವ ಹರಕೆಯ ಭಿಕ್ಷೆ ಎಂದುಕೊಂಡರು. ಕೇಳುವ ಮೊದಲೇ ರಾಗಿ ಸುರಿದು, ನೋಟು ಹಾಕಿ ಕೈಮುಗಿದರು. ಅವಳೂ ತಿದ್ದಲಿಲ್ಲ, ತಿದ್ದಿದರೆ ಆ ಕಾಯಿಲೆ ಯಾರಿಗೆ ಬಂದಿತ್ತು ಎಂದು ಕೇಳುತ್ತಾರೆ. ಆದರೂ ಸುಳ್ಳು ಹೇಳಿ ಪಡೆದಂತೆನಿಸಿ, ಯಾವ ಜಗಲಿಯ ಮುಂದೆಯೂ ಅವಳು ಹೆಚ್ಚು ಹೊತ್ತು ನಿಲ್ಲಲಿಲ್ಲ.

ಬೀದಿಯ ಕೊನೆಯ ಮನೆಯ ಮುದುಕಿ ನೀಲಾಂಬಿಕೆ ಮೊರದಿಂದ ರಾಗಿ ಸುರಿಯುತ್ತಾ, "ಮಾದಪ್ಪ ನಿನ್ ಮಕ್ಳನ್ನಾದ್ರೂ ಕಾಪಾಡ್ಲಿ ಕಣವ್ವ. ನಿನ್ ಗಂಡ ಕುಡ್ದು ಕುಡ್ದೇ ಓದ. ನನ್ ಮಗ ಶಿವಶಂಕರಂಗೂ ಅದೇ ಚಾಳಿ ಅಂಟ್ಕಂಡದೆ. ನಾಲ್ಗೆ ತೊದಲ್ತದೆ, ಕೈಲಿ ಲೋಟ ನಿಲ್ಲಕಿಲ್ಲ. ಕೇಳುದ್ರೆ ಮುಟ್ಟೇ ಇಲ್ಲ ಅಂತಾನೆ, ಕಳ್ಳ!" ಎಂದಳು.

ಉಷಾರಾಣಿ ಚೀಲ ಕೆಳಗಿಟ್ಟಳು.

"ಅಜ್ಜಿ, ಇದು ಹರಕೆ ಅಲ್ಲ. ನಮ್ಮನೆಯವ್ರು ಒಂದು ತೊಟ್ಟೂ ಕುಡ್ದೋರಲ್ಲ. ಅವ್ರಿಗಿದ್ದದ್ದು ನರದ ಕಾಯಿಲೆ, ಅದೂ ಇಂಗೇ ಸುರುವಾಗಿದ್ದು. ಶಿವಶಂಕರನ್ನ ಬೈಬ್ಯಾಡಿ. ನಾಳೇನೇ ಮೈಸೂರಲ್ಲಿ ನರದ ಡಾಕ್ಟ್ರಿಗೆ ತೋರ್ಸವ, ನಾನೂ ಬತ್ತೀನಿ."

ಗಂಡನಿಗೆ ಕೊಟ್ಟ ಮಾತನ್ನು ಅವಳು ಅಂದು ಮುರಿದಳು.