ಸೋತ ಗೆಳತಿಗೊಂದು ಪತ್ರ

ಖಾಲಿ ಹಾಳೆಯ ಮೇಲೆ ಫ್ಯಾನಿನ ನೆರಳು ಸುತ್ತುತ್ತಿದೆ, ಹತ್ತು ನಿಮಿಷ ಅಂದಿದ್ದಾರೆ ಕಾಲೇಜಿನ ಆಪ್ತಸಮಾಲೋಚಕಿ, ಪರೀಕ್ಷೇಲಿ ಸೋತ ಗೆಳತಿಗೆ ಏನು ಹೇಳ್ತೀರೋ ಅದನ್ನ ಬರೀರಿ, ಆಮೇಲೆ ಅವಳ ಹೆಸರು ಹೊಡೆದು ನಿಮ್ಮ ಹೆಸರು ಹಾಕ್ಕೊಳ್ಳಿ, ನಿಮ್ಮ ಮೇಲೆ ನಿಮಗೂ ಸ್ವಲ್ಪ ಕರುಣೆ ಇರ್ಲಿ — ಕರುಣೆಯಂತೆ, ಬರೆಯಲು ಕೂತವಳಿಗೆ ನಗು ಬಂತು, ಎರಡು ಸಲ ಡುಮ್ಕಿ ಹೊಡೆದವಳಿಗೆ ಅದೊಂದು ಕೇಡು, ಮಧ್ಯಾಹ್ನ ಎರಡಕ್ಕೆ ನರ್ಸಿಂಗ್ ಲ್ಯಾಬಿನಲ್ಲಿ ಮೂರನೇ ಸಲ ಆ ರಬ್ಬರ್ ಕೈಯ ನರಕ್ಕೆ ಸೂಜಿ ಚುಚ್ಚಬೇಕು, ತಪ್ಪಿದರೆ ಕೋರ್ಸಿಂದಲೇ ಹೊರಗೆ, ಅದಕ್ಕೇ ಮಣಿಕಟ್ಟಿಗೆ ರಬ್ಬರ್‌ಬ್ಯಾಂಡು, ಅಭ್ಯಾಸದಲ್ಲಿ ಸೂಜಿ ತಪ್ಪಿದಾಗಲೆಲ್ಲ ಎಳೆದು ಬಿಡುತ್ತಾಳೆ, ಚಟ್, ದಂಡಂ ದಶಗುಣಂ — ಗೆಳತಿ ಯಾರಿದ್ದಾರೆ, ತಂಗಿಗೇ ಬರೆಯೋಣ, ಲೆಕ್ಕದಲ್ಲಿ ಸೋತಿದ್ದಳಲ್ಲ, ದಿನಾ ಸಂಜೆ ಅಡುಗೆಮನೆಯ ಮೇಜಿಗೆ ಕೂರಿಸಿ ಇವಳೇ ಹೇಳಿಕೊಡುತ್ತಿದ್ದಳು, ಅಕ್ಕಾ ಇನ್ನೊಂದ್ಸಲ ಹೇಳೇ, ಆ ಸಣ್ಣ ದನಿ, ಪೆನ್ನಿಗೆ ಮುಚ್ಚಳ ಹಾಕುವ ಬೆರಳು — ಬೇಡ, ಅದು ಬೇಡ, ಬರೆ, ಪ್ರೀತಿಯ ತಂಗೀ, ಆಮೇಲೆ, ಪರವಾಗಿಲ್ಲ ಬಿಡು ಎಂದು ಬರೆಯಹೋದರೆ ಕೈ ಓಡುವುದಿಲ್ಲ, ಆ ಮಾತನ್ನು ಯಾರಿಗೂ ಹೇಳಿ ರೂಢಿಯಿಲ್ಲ, ರೂಢಿಯಿರುವುದು ಬೇರೆ, ಅದಾದರೆ ಸರಾಗ, ಪೆನ್ನು ತಾನೇ ಓಡಿತು, ನಿನ್ನ ತಲೇಲಿರೋದು ಸಗಣಿ, ನೀನು ಓದಿ ಯಾರನ್ನ ಉದ್ಧಾರ ಮಾಡ್ಬೇಕು, ಎದ್ದು ಹೋಗಿ ಪಾತ್ರೆ ತೊಳಿ — ಛಲ ಬರಲಿ ಅಂತ ಅವತ್ತು ತಂಗಿಗೆ ಅಂದದ್ದು, ದೇವರಾಣೆಗೂ, ದಿನಾ ಬೆಳಿಗ್ಗೆ ಕನ್ನಡಿ ಮುಂದೆ ತನಗೆ ತಾನು ಅಂದುಕೊಳ್ಳುವುದನ್ನೇ ಅಂದದ್ದು, ತನಗೆ ಛಲ ಬರುತ್ತದಲ್ಲ, ಬರುತ್ತದೆಯೇ, ಎರಡು ಸಲವೂ ಸೂಜಿ ತಪ್ಪಿತಲ್ಲ, ತಂಗಿ ಅಳಲಿಲ್ಲ, ಆಯ್ತಕ್ಕ ಅಂದಳು, ಪೆನ್ನು, ಮುಚ್ಚಳ, ಎದ್ದು ಹೋಗಿ ನಿಜವಾಗಿಯೂ ಪಾತ್ರೆ ತೊಳೆದಳು, ಮಾರನೆಯ ದಿನ ಪುಸ್ತಕ ತೆಗೆಯಲಿಲ್ಲ, ಆಮೇಲೆ ಎಂದೂ ತೆಗೆಯಲಿಲ್ಲ, ಈಗ ಇಸ್ತ್ರಿ ಅಂಗಡಿಯಲ್ಲಿ ಬೆಳಗಿನಿಂದ ಸಂಜೆವರೆಗೆ ನಿಂತು ಬೇರೆಯವರ ಮಕ್ಕಳ ಯೂನಿಫಾರಂ ಮಡಚುತ್ತಾಳೆ, ನೀನು ಪಾಸಾದ್ರೆ ಸಾಕಕ್ಕ ಅಂತ ಇವತ್ತು ಬಾಗಿಲವರೆಗೂ ಬಂದಿದ್ದಳು.

ಟೈಮಾಯ್ತು, ಹೆಸರು ಬದಲಾಯಿಸಿ, ಅಂದರು ಸಮಾಲೋಚಕಿ, ಅವಳು ತಂಗಿ ಎನ್ನುವುದನ್ನು ಕಾಣದ ಹಾಗೆ ಹೊಡೆದು ತನ್ನ ಹೆಸರು ಬರೆದಳು, ಕೆಳಗೆ ಒಂದಕ್ಷರವನ್ನೂ ತಿದ್ದಬೇಕಾಗಿ ಬರಲಿಲ್ಲ, ಹೆಗಲ ಮೇಲೊಂದು ಕೈ, ಸಮಾಲೋಚಕಿ ಬಗ್ಗಿ ಓದುತ್ತಿದ್ದಾರೆ, ಯಾರಮ್ಮ ನಿಂಗೆ ಹೀಗೆಲ್ಲ ಅಂದಿದ್ದು, ಅವರಿಗೆ ಕರುಳೇ ಇರ್ಲಿಲ್ವಾ, ಅಕ್ಕ ಅಂದಳು ಇವಳು, ಅಕ್ಕ ಅಂದಿದ್ದು, ಪಾಪ ಅಂತ ಅವರು ಬೆನ್ನು ಸವರುತ್ತಿದ್ದಾರೆ, ಸವರುತ್ತಲೇ ಇದ್ದಾರೆ, ಎಷ್ಟು ಹಿತವಾಗಿದೆ, ಥೂ, ಗಡಿಯಾರ ಎರಡಕ್ಕೆ ಐದು ನಿಮಿಷ ತೋರಿಸುತ್ತಿದೆ, ಏಳಬೇಕು, ರಬ್ಬರ್ ಕೈ ಕಾಯುತ್ತಿದೆ, ಇವಳು ಕೂತೇ ಇದ್ದಾಳೆ, ಕಣ್ಣ ಮುಂದೆ ತಂಗಿ ಪೆನ್ನಿಗೆ ಮುಚ್ಚಳ ಹಾಕುತ್ತಿದ್ದಾಳೆ, ಎರಡು ಬೆರಳಲ್ಲಿ ಹಿಡಿದು, ಮೆಲ್ಲಗೆ, ಇಂಕು ಒಣಗದಿರಲಿ ಅಂತ, ಪೆನ್ನಿಗೆ ಮುಚ್ಚಳ —