ಹನ್ನೊಂದು ಸದ್ದು

ಕಲ್ಲುಕ್ವಾರಿಯಲ್ಲಿ ಮದ್ದು ಸಿಡಿಸುವವನಿಗೆ ಕೈಗಿಂತ ಕಿವಿ ಮುಖ್ಯ. ಎಷ್ಟು ಕುಳಿಗೆ ಮದ್ದು ತುಂಬಿದ್ದಾನೋ ಅಷ್ಟು ಸದ್ದು ಕೇಳಬೇಕು. ಒಂದು ಕಡಿಮೆಯಾದರೂ ಸಿಡಿಯದ ಮದ್ದು ಕಲ್ಲಿನೊಳಗೇ ಉಳಿದಿದೆ ಎಂದರ್ಥ. ಅದನ್ನು ಹುಡುಕಿ ತೆಗೆಯುವವರೆಗೆ ಯಾರೂ ಹತ್ತಿರ ಸುಳಿಯುವಂತಿಲ್ಲ. ಮದ್ದಿನಜ್ಜ ಮೂವತ್ತು ವರ್ಷ ಹಾಗೆ ಎಣಿಸಿದವನು. ಎಣಿಕೆ ತಪ್ಪಿದ್ದೇ ಇಲ್ಲ. ಒಮ್ಮೆ ಮಾತ್ರ ಸುಳ್ಳು ಹೇಳಿದ್ದ.

ಅವತ್ತು ಬೆಳಗಾದರೆ ಮಗನ ಮದುವೆ. ಕ್ವಾರಿಯ ಉತ್ತರದ ಕಲ್ಲುಗೋಡೆಯ ಬುಡದಲ್ಲಿ ಹನ್ನೆರಡು ಕುಳಿ ತುಂಬಿದ್ದ, ಹನ್ನೊಂದು ಸದ್ದು ಕೇಳಿತು. ಹುಡುಕುತ್ತ ಕೂತರೆ ಕತ್ತಲಾಗುತ್ತದೆ, ಮನೆಯಲ್ಲಿ ನೆಂಟರು ಬಂದು ಕಾಯುತ್ತಿದ್ದಾರೆ. ಎರಡು ಒಟ್ಟಿಗೇ ಸಿಡಿದವು ಎಂದು ಹೇಳಿ, ಕ್ವಾರಿಯ ಪುಸ್ತಕದಲ್ಲಿ ಹನ್ನೆರಡು ಬರೆದು, ಸಹಿ ಹಾಕಿ ಮನೆಗೆ ಓಡಿದ. ಮದುವೆ ಮುಗಿಸಿ ಬಂದು ಸರಿಪಡಿಸಿದರಾಯಿತು ಎಂದುಕೊಂಡಿದ್ದ. ಬರುವಷ್ಟರಲ್ಲಿ ಕ್ವಾರಿಯನ್ನೇ ಮುಚ್ಚಿದ್ದರು. ಇನ್ನು ಅಲ್ಲಿಗೆ ಯಾರು ಹೋಗುತ್ತಾರೆ ಎಂದು ಬಾಯಿ ಮುಚ್ಚಿಕೊಂಡ. ಹತ್ತೊಂಬತ್ತು ವರ್ಷ ಮುಚ್ಚಿಕೊಂಡೇ ಇದ್ದ, ಪುಣ್ಯಾತ್ಮ.

ಈಗ ಅದೇ ಕ್ವಾರಿ ಉದ್ಯಾನವಾಗುತ್ತಿದೆ. ಹೊಂಡದ ನಡುವಿಗೆ ಲಾರಿಗಟ್ಟಲೆ ಮಣ್ಣು ಬಿದ್ದಿದೆ, ಬೆಂಚುಗಳು ಬಂದಿವೆ, ಮಕ್ಕಳಿಗೆಂದು ಜಾರುಬಂಡೆಯೂ ಬಂದಿದೆ. ಗಂಡ ತೀರಿಹೋದ ಮೇಲೆ ಮನೆ ನಡೆಸುತ್ತಿರುವ ಸೊಸೆಗೆ ಅಲ್ಲೇ ಮಾಲಿ ಕೆಲಸ ಸಿಕ್ಕಿತು. ಅವತ್ತಿನಿಂದ ಅಜ್ಜನದು ಒಂದೇ ರಾಗ. ಆ ಕೆಲಸ ಬೇಡ, ಬಿಸಿಲು ಜಾಸ್ತಿ, ಧೂಳು, ಸೊಂಟ ಹಿಡಿದುಕೊಳ್ಳುತ್ತದೆ. ಹೇಳಬೇಕಾದ ಒಂದು ಮಾತು ಬಿಟ್ಟು ಮಿಕ್ಕಿದ್ದನ್ನೆಲ್ಲ ಹೇಳಿದ.

ಒಂದು ಸಂಜೆ ಅವಳು ಊಟ ಬಡಿಸುತ್ತ, "ನಾಳೆ ಉತ್ತರದ ಗೋಡೆ ಕೆಳಗೆ ಬಳ್ಳಿ ಹಾಕೋಕೆ ಗುಂಡಿ ತೋಡ್ತೀವಿ ಮಾವ. ಆ ಗೋಡೆ ಕೆಲಸ ಇನ್ನು ಪೂರ್ತಿ ನಂದೇ" ಎಂದಳು.

ಅಜ್ಜ ತಟ್ಟೆ ಪಕ್ಕಕ್ಕೆ ಸರಿಸಿದ. ಏನನ್ನೂ ಮುಚ್ಚಿಡದೆ ಎಲ್ಲವನ್ನೂ ಹೇಳಿಬಿಟ್ಟ.

ಸೊಸೆ ಪೂರ್ತಿ ಕೇಳಿಸಿಕೊಂಡಳು. "ಬಿಸಿಲು ಆಯ್ತು, ಸೊಂಟ ಆಯ್ತು, ಈಗ ಮದ್ದಾ ಮಾವ?" ಎಂದು ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಬೆಳಿಗ್ಗೆ ಅಜ್ಜ ಅವಳಿಗಿಂತ ಮೊದಲೇ ಹೋಗಿ, ಉದ್ಯಾನದ ಕೆಲಸ ನೋಡಿಕೊಳ್ಳುವ ಎಂಜಿನಿಯರ್ ಮುಂದೆ ನಿಂತು ಅದನ್ನೇ ಹೇಳಿದ. ಅವನೇನು ಕೆಟ್ಟವನಲ್ಲ. ಕುರ್ಚಿ ಕೊಟ್ಟ, ಬೀರುವಿನಿಂದ ಕ್ವಾರಿಯ ಹಳೇ ಪುಸ್ತಕ ತೆಗೆಸಿದ.

"ಹನ್ನೆರಡು ಕುಳಿ, ಹನ್ನೆರಡು ಸದ್ದು. ಈ ಸಹಿ ನಿಮ್ಮದೇ ತಾನೇ ಅಜ್ಜ?"

"ನಂದೇ. ಸುಳ್ಳು ಬರೆದಿದ್ದೆ ಸ್ವಾಮಿ."

"ಅವತ್ತು ಬರೆದಿದ್ದು ಸುಳ್ಳಾ, ಇವತ್ತು ಹೇಳ್ತಿರೋದಾ? ನೀವು ಕೆಲಸ ಬಿಡಿಸೋಕೆ ನೋಡ್ತಿದೀರಂತೆ. ನಿಮ್ಮ ಸೊಸೆ ಮೊನ್ನೇನೇ ಹೇಳಿದ್ರು."

ಅಜ್ಜ ಹೋಗಿ ಗೋಡೆಯ ಬುಡದಲ್ಲಿ ಕೂತುಬಿಟ್ಟ. ಇಬ್ಬರು ಆಳುಗಳು ಬಂದು ರಟ್ಟೆ ಹಿಡಿದು ಎಬ್ಬಿಸಿ, ದೂರದ ಬೆಂಚಿನ ಮೇಲೆ ಕೂರಿಸಿದರು. ಹಾರೆ ಬೀಳತೊಡಗಿತು. ಅಜ್ಜ ಒಂದೊಂದು ಪೆಟ್ಟನ್ನೂ ಎಣಿಸುತ್ತ ಕೂತ. ಸಂಜೆಯವರೆಗೂ ಏನೂ ಆಗಲಿಲ್ಲ. ಆಳುಗಳು ನಕ್ಕರು, ಎಂಜಿನಿಯರ್ ನಕ್ಕ, ಕೊನೆಗೆ ಸೊಸೆಯೂ ನಕ್ಕಳು.

ಇನ್ನು ಗಂಟಲು ಹರಿದುಕೊಂಡರೂ ತನ್ನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ ಎಂದು ಅಜ್ಜನಿಗೆ ಅರ್ಥವಾಯಿತು. ಹನ್ನೆರಡನೆಯದು ಅಲ್ಲೇ ಎಲ್ಲೋ ಇದೆ. ಅವಳು ದಿನಾ ಅಲ್ಲೇ ಅಗೆಯುತ್ತಾಳೆ.

ಮರುದಿನದಿಂದ ಅವನೂ ಅವಳ ಹಿಂದೆ ಹೊರಟ. ಹಾರೆ ತನಗೆ ಕೊಡು ಎಂದು ಕಸಿದುಕೊಂಡ. ವಯಸ್ಸಾದ ಕೈಗೆ ಅದು ಮೇಲೇಳಲೇ ಇಲ್ಲ. ಅವಳೇ ಅಗೆದಳು. ಅಜ್ಜ ಅವಳ ಪಕ್ಕ ಬಿಟ್ಟು ಒಂದು ಹೆಜ್ಜೆಯೂ ಕದಲದೆ ನಿಂತ. ಅವಳನ್ನು ಉಳಿಸುವುದು ತನ್ನಿಂದ ಆಗಲಿಲ್ಲ. ಹೋಗುವುದೇ ಆದರೆ ಒಬ್ಬಳೇ ಹೋಗುವುದು ಬೇಡ, ಅಷ್ಟೇ.

"ನಮ್ಮ ಮಾವಂಗೂ ಈಗ ತೋಟದ ಹುಚ್ಚು ಹಿಡಿದಿದೆ" ಎಂದು ಸೊಸೆ ಸಿಕ್ಕವರಿಗೆಲ್ಲ ಖುಷಿಯಿಂದ ಹೇಳುತ್ತಿದ್ದಳು.