ಅತ್ತೆಯ ಬಚ್ಚಲು

ನನ್ನ ಅತ್ತೆ ಕೊಡೆ ಹಿಡಿದು ಸ್ನಾನ ಮಾಡುತ್ತಿದ್ದರು. ನಗಬೇಡಿ. ಬಚ್ಚಲಿನ ಸೂರು ಸದಾ ತೊಟ್ಟಿಕ್ಕುತ್ತಿತ್ತು, ಆಗಾಗ ಗಾರೆಯೂ ಕಳಚಿ ಬೀಳುತ್ತಿತ್ತು. ಒಮ್ಮೆ ದೊಡ್ಡ ಹೆಂಟೆಯೊಂದು ಕೊಡೆಯನ್ನೇ ಹರಿದುಕೊಂಡು ಬಿತ್ತು. ಅಂದಿನಿಂದ ಮಂಡಿನೋವಿನ ಆ ಹೆಂಗಸು ಟವೆಲು ಹೆಗಲಿಗೆ ಹಾಕಿಕೊಂಡು ಪಕ್ಕದ ಮನೆಗೆ ಹೋಗತೊಡಗಿದರು. ವಾಪಸು ಬರುವಾಗ ನಾಚಿಕೆಯಿಂದ ಮುಖ ಇಷ್ಟೇ ಇಷ್ಟಾಗಿರುತ್ತಿತ್ತು.

ಮನೆಯ ಮಾಲೀಕ ಸಾಲ ತೀರಿಸದೆ, ನಾವು ಬಾಡಿಗೆಗಿದ್ದ ಮನೆ ಬ್ಯಾಂಕಿನ ಪಾಲಾಗುವುದರಲ್ಲಿತ್ತು. ರಿಪೇರಿ ಕೇಳಿದರೆ ಅವನು, "ಇನ್ನು ಬ್ಯಾಂಕಿನೋರನ್ನೇ ಕೇಳಮ್ಮ" ಅಂದ. ಬ್ಯಾಂಕಿನವರು, "ಮನೆ ಇನ್ನೂ ಅವರದ್ದೇ" ಅಂದರು. ನಾನು ಸಿಟಿ ಬಸ್ಸಿನ ಕಂಡಕ್ಟರ್, ಜಗಳಕ್ಕೆ ಹೆದರುವವಳಲ್ಲ. ಅಂಥವಳನ್ನೇ ಇಬ್ಬರೂ ಸೇರಿ ಆಟ ಆಡಿಸಿದರು.

ಕೊನೆಗೆ ಮನೆಯನ್ನು ವಶಕ್ಕೆ ತೆಗೆದುಕೊಳ್ಳಲು ಬ್ಯಾಂಕಿನ ಅಧಿಕಾರಿ ಬರುವ ದಿನ ಗೊತ್ತಾಯಿತು. "ಒಂದು ಬಿರುಕೂ ಬಿಡದೆ ತೋರ್ಸಿ" ಎಂದು ಅತ್ತೆಗೆ ಗಿಣಿಗೆ ಹೇಳಿದಂತೆ ಹೇಳಿ ಡ್ಯೂಟಿಗೆ ಹೋದೆ.

ಮಧ್ಯಾಹ್ನ ಬಂದು ನೋಡಿದರೆ, ನಮ್ಮ ಮನೆಯೇ ಹೌದೋ ಅಲ್ಲವೋ! ನೆಲ ಫಳಫಳ. ಬಚ್ಚಲಿನ ಸೂರಿಗೆ ನನ್ನ ಗಂಡನ ಕೈಲಿ ಮೊಳೆ ಹೊಡೆಸಿ, ಹೂವಿನ ಬೆಡ್‌ಶೀಟು ಬಿಗಿಸಿದ್ದಾರೆ. ಅಧಿಕಾರಿ ಚಹಾ ಕುಡಿಯುತ್ತ, "ಮನೆ ಚೆನ್ನಾಗಿಟ್ಕೊಂಡಿದೀರಮ್ಮ" ಅನ್ನುತ್ತಿದ್ದರು. ಅತ್ತೆ ಹಿಗ್ಗಿ ಹೀರೇಕಾಯಿಯಾಗಿದ್ದರು.

ಪಿತ್ತ ನೆತ್ತಿಗೇರಿ ಅತ್ತೆಯನ್ನು ಅಡುಗೆಮನೆಗೆ ಎಳೆದೆ.

"ಏನತ್ತೆ ಇದು? ತಲೆ ಕೆಟ್ಟಿದ್ಯಾ?"

"ಮನೆಗೆ ಬಂದೋರಿಗೆ ಕೊಳಕು ತೋರ್ಸೋದಾ? ನನ್ನ ಕೈಲಾಗಲ್ಲ ಕಣೇ."

"ಅವರು ನೆಂಟರಲ್ಲ!"

"ಚಹಾ ಕುಡಿದ್ರಲ್ಲ!"

ಅಷ್ಟರಲ್ಲಿ ಅಧಿಕಾರಿ ಕೈ ತೊಳೆಯಲು ಬಚ್ಚಲಿಗೆ ಹೊರಟರು. ಅದನ್ನು ಕಂಡಿದ್ದೇ ತಡ, ಅತ್ತೆ ಮಂಡಿನೋವನ್ನೂ ಮರೆತು ಓಡಿದರು.

"ಬೇಡಪ್ಪಾ! ತಲೆ ಮೇಲೆ ಬೀಳತ್ತೆ!"

ಒಂದು ಕೈಯಲ್ಲಿ ಅವರ ತೋಳು ಹಿಡಿದು ಹೊರಗೆಳೆದು, ಇನ್ನೊಂದು ಕೈಯಲ್ಲಿ ಜೋತುಬಿದ್ದಿದ್ದ ಬೆಡ್‌ಶೀಟು ಜಗ್ಗಿಯೇಬಿಟ್ಟರು. ಗಾರೆ, ನೀರು, ಮೊಳೆ ಎಲ್ಲ ಧಡಾರನೆ ಬಿದ್ದವು. ಎದ್ದ ಧೂಳಿಗೆ ಅಧಿಕಾರಿ ತಲೆಯಿಂದ ಕಾಲಿನವರೆಗೆ ಬಿಳಿ ಬಿಳಿ.

"ಎಷ್ಟು ದಿನದಿಂದ ಹೀಗಿದೆ?"

"ತಿಂಗಳುಗಟ್ಟಲೆ ಆಯ್ತಪ್ಪ. ನಾನೇ ಮುಚ್ಚಿಟ್ಟೆ, ತಪ್ಪಾಯ್ತು." ಅತ್ತೆ ಬಿದ್ದ ಬೆಡ್‌ಶೀಟನ್ನು ಎತ್ತಿಕೊಂಡರು. "ದಿನಾ ಇನ್ನೊಬ್ಬರ ಬಾಗಿಲು ತಟ್ಟಿ ಸ್ನಾನ ಮಾಡೋಕೆ ನಾಚಿಕೆ ಆಗತ್ತೆ."

ಅಧಿಕಾರಿ ಮೈ ಕೊಡವಿಕೊಂಡರು. "ಇವತ್ತಿಂದ ಮನೆ ನಮ್ಮ ವಶ. ಮಾಲೀಕರು ಮಾಡ್ಬೇಕಿದ್ದ ರಿಪೇರಿನೂ ಇನ್ನು ನಮ್ಮದೇ. ಬಾಡಿಗೆ ಕರಾರು ಮುಗಿಯೋವರೆಗೂ ನಿಮ್ಮನ್ನ ಯಾರೂ ಎಬ್ಬಿಸೋ ಹಾಗಿಲ್ಲ, ನೀವು ಬಾಡಿಗೆದಾರರೇ."

"ಬಾಯಿಮಾತಲ್ಲಿ ಬೇಡ, ಬರ್ದುಕೊಡಿ" ಅಂದೆ. ಅಲ್ಲೇ ಕೂತು ಬರೆದುಕೊಟ್ಟರು. ಅತ್ತೆ ಅವರಿಗೆ ಇನ್ನೊಂದು ಲೋಟ ಚಹಾ ಕೊಟ್ಟರು.

ಗಾರೆಯವರು ಬಂದರು, ಸೋರುತ್ತಿದ್ದ ಕೊಳವೆ ಬದಲಾಯಿತು, ಸೂರು ಒಣಗಿತು. ಮರುದಿನ ಬೆಳಿಗ್ಗೆಯೇ ಅತ್ತೆ ಬಚ್ಚಲು ಸೇರಿ ಚಿಲಕ ಹಾಕಿಕೊಂಡರು. ಚೊಂಬಿನ ಮೇಲೆ ಚೊಂಬು ಸುರಿಯುವ ಸದ್ದು. ನನಗೋ ಡ್ಯೂಟಿಗೆ ಹೊತ್ತಾಗಿತ್ತು.

"ಅತ್ತೇ, ಬೇಗ ಬನ್ನಿ! ನಾನೂ ಸ್ನಾನ ಮಾಡ್ಬೇಕು!"

"ಹೋಗೇ! ನನ್ನ ಬಚ್ಚಲು, ನನ್ನಿಷ್ಟ!"

ಒಳಗೆ ಇನ್ನೊಂದು ಚೊಂಬು ಸುರಿಯಿತು. ನಾನು ಮುಖಕ್ಕಷ್ಟು ನೀರು ಹಾಕಿಕೊಂಡು, ನಗುತ್ತಾ ಡ್ಯೂಟಿಗೆ ಹೊರಟೆ.